ಓದುಗರ ಪ್ರಶ್ನೆ, ಮಾಸ್ತರ ಉತ್ತರ: ಕೆತ್ತಿದ ಕೈ ಯಾರದು?

ಕಳೆದ ಸಂಚಿಕೆಯ ಹಿಂಬದಿ ರಕ್ಷಾಪುಟಕ್ಕೆ ಎಲಿಜಬೆತ್ ಕ್ಯಾಟ್ಲೆಟ್ ಎಂಬ ಕಲಾವಿದೆಯ ‘ಶೇರ್‌ಕ್ರಾಪರ್’ ಚಿತ್ರ ಹಾಕಿದ್ದೆವು. ಲಿನೋಲಿಯಂ ಹಾಳೆಯನ್ನು ಕೆತ್ತಿ, ಇಂಕು ಹಚ್ಚಿ, ಕಾಗದಕ್ಕೆ ಒತ್ತಿ ತೆಗೆದ ಚಿತ್ರ. ಅಮೆರಿಕದಲ್ಲಿ ಪಾಲಿಗೆ ಬೇಸಾಯ ಮಾಡುವ ಕಪ್ಪು ಹೆಂಗಸೊಬ್ಬಳ ಮುಖ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅದರ ಬೆನ್ನು ಹಿಡಿದೇ ಬಂದಿವೆ. ಕಾರವಾರದಲ್ಲಿ ಡ್ರಾಯಿಂಗ್ ಮಾಸ್ತರನಾಗುವ ಮೊದಲು ನಾನು ಕುಮಟೆಯ ಪ್ರೆಸ್ಸೊಂದರಲ್ಲಿ ಮೊಳೆ ಜೋಡಿಸಿದವ. ಅಚ್ಚಿನ ಸುದ್ದಿ ಬಂದರೆ ಮಾತು ಉದ್ದವಾಗುತ್ತದೆ. ಸಂಪಾದಕರಿಗೆ ಮೊದಲೇ ಹೇಳಿಟ್ಟಿದ್ದೇನೆ.

ಆ ಹೆಂಗಸಿನ ಮುಖದಲ್ಲಿ ಅಳುವೂ ಇಲ್ಲ, ಕೂಗೂ ಇಲ್ಲ. ಕೈಯಲ್ಲಿ ಬಾವುಟವಿಲ್ಲ. ಇದು ಪ್ರತಿಭಟನೆಯ ಚಿತ್ರ ಹೇಗಾಯಿತು ಎಂದು ಏಳನೇ ಇಯತ್ತೆಯ ಮಕ್ಕಳು ಕೇಳಿದರು. ಏನು ಹೇಳಲಿ?
— ಚಿತ್ರಕಲಾ ಶಿಕ್ಷಕಿ, ಹೊನ್ನಾವರ

ಅಕ್ಕೋರೆ, ಮೊದಲು ಅವಳ ಕೊರಳ ಕೆಳಗೆ ನೋಡಲು ಹೇಳಿ. ಮೇಲಂಗಿಯನ್ನು ಸೇಫ್ಟಿ ಪಿನ್ ಚುಚ್ಚಿ ಹಿಡಿಸಿದ್ದಾಳೆ. ಅವಳ ಬಡತನ ಹೇಳಲು ಕಲಾವಿದೆಗೆ ಅಷ್ಟು ಸಾಕಾಗಿದೆ. ಹರಕು ಗುಡಿಸಲಿಲ್ಲ, ಹಸಿದ ಮಗುವಿಲ್ಲ. ಆಮೇಲೆ ಮಕ್ಕಳನ್ನು ಕೇಳಿ: ನಾವು ಎಲ್ಲಿ ನಿಂತು ಅವಳನ್ನು ನೋಡುತ್ತಿದ್ದೇವೆ? ಅವಳ ಗಲ್ಲಕ್ಕಿಂತ ಕೆಳಗೆ. ಅಗಲ ಅಂಚಿನ ಹುಲ್ಲಿನ ಟೊಪ್ಪಿಯ ಕೆಳಗಿನ ಆ ಮುಖವನ್ನು ನಾವು ತಲೆಯೆತ್ತಿ ನೋಡಬೇಕು. ಅವಳೋ ನಮ್ಮ ಕಡೆ ನೋಡುತ್ತಲೇ ಇಲ್ಲ, ಬೇರೆಲ್ಲೋ ದೂರಕ್ಕೆ ಕಣ್ಣು ನೆಟ್ಟಿದ್ದಾಳೆ. ನಮ್ಮ ಕನಿಕರ ಅವಳಿಗೆ ಬೇಕಿಲ್ಲ. ಧಣಿಯ ಎದುರು ತಲೆ ತಗ್ಗಿಸಿಯೇ ನಿಲ್ಲಬೇಕು ಎಂದಿದ್ದ ಕಾಲದಲ್ಲಿ ಒಬ್ಬ ಒಕ್ಕಲು ಹೆಂಗಸನ್ನು ಹೀಗೆ ತೋರಿಸಿದರು. ಇದಕ್ಕಿಂತ ದೊಡ್ಡ ಪ್ರತಿಭಟನೆ ಯಾವುದು ಬೇಕು?

ಇನ್ನೊಂದು ಸಂಗತಿ ಕೆತ್ತಿದವರಿಗೆ ಮಾತ್ರ ಹೊಳೆಯುವಂಥದ್ದು. ಲಿನೋದಲ್ಲಿ ಕೆತ್ತಿ ತೆಗೆದದ್ದು ಬಿಳಿ, ಬಿಟ್ಟದ್ದು ಕಪ್ಪು. ಪೆನ್ಸಿಲಿನಲ್ಲಿ ಬಿಳಿ ಕಾಗದಕ್ಕೆ ನೆರಳು ತುಂಬುತ್ತ ಹೋಗುತ್ತೇವೆ. ಇಲ್ಲಿ ಮೊದಲಿಗೆ ಹಾಳೆ ಪೂರ್ತಿ ಕಪ್ಪು, ಉಳಿ ಹೋದಲ್ಲೆಲ್ಲ ಬೆಳಕು ಬರುತ್ತದೆ. ಆ ಕೆನ್ನೆಯ ಗೆರೆ, ಕೊರಳ ನರ, ಟೊಪ್ಪಿಯ ಹೆಣಿಗೆ ಎಲ್ಲ ಹಾಗೆ ಒಂದೊಂದಾಗಿ ಎಬ್ಬಿಸಿದ್ದು. ಕಪ್ಪು ಚರ್ಮವನ್ನು ನೆರಳಿನಂತೆ ಬಳಿಯದೆ ಅದರ ಮೇಲೆ ಬಿದ್ದ ಬಿಸಿಲನ್ನು ಕೆತ್ತಿದ್ದಾರೆ. ಮಕ್ಕಳಿಗೆ ಒಂದು ಭೂತಕನ್ನಡಿ ಕೊಟ್ಟು ನೋಡಿ, ತರಗತಿ ತಾನಾಗಿ ಸುಮ್ಮನಾಗುತ್ತದೆ.

ಶೇರ್‌ಕ್ರಾಪರ್ ಅಂದರೆ ಯಾರು ಎಂದು ನಮ್ಮ ಜಿಲ್ಲೆಯವರಿಗೆ ಬಹಳ ಬಿಡಿಸಿ ಹೇಳಬೇಕಿಲ್ಲ. ಚಾಲಗೇಣಿ, ಅಂದರೆ ಒಡೆಯ ಬೇಕೆಂದಾಗ ಬಿಡಿಸಬಹುದಾದ ಗೇಣಿ, ಕಂಡ ಅಜ್ಜ ಅಜ್ಜಿಯರು ಮೊನ್ನೆ ಮೊನ್ನೆಯವರೆಗೂ ಇದ್ದರು. ಅಂಕೋಲೆಯ ಕಡೆ ರೈತರನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ಸರಕಾರ ದಿನಕರ ದೇಸಾಯಿಯವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಹೋಯಿತು, ಜಮೀನು ಮಾತ್ರ ಹಳೆಯ ಧಣಿಗಳ ಹತ್ತಿರವೇ ಉಳಿಯಿತು. ಬೀಜ ಅವರದು, ಸಾಲದ ಅಂಗಡಿ ಅವರದು, ಲೆಕ್ಕದ ವಹಿಯೂ ಅವರದು. ಹತ್ತಿ ಬಿಡಿಸಿ ಕೊಟ್ಟ ಮೇಲೂ ಬಾಕಿ ತೀರುತ್ತಿರಲಿಲ್ಲ. ಬಡ ಬಿಳಿಯರೂ ಹಾಗೆ ದುಡಿದವರಿದ್ದಾರೆ. ಆದರೆ ಕಪ್ಪು ಒಕ್ಕಲಿಗೆ ಓಟೂ ಇಲ್ಲ, ಕೋರ್ಟಿಗೆ ಹೋದರೆ ಕೇಳುವವರೂ ಇಲ್ಲ.

ಕ್ಯಾಟ್ಲೆಟ್ ಹುಟ್ಟಿದ್ದು 1915ರಲ್ಲಿ, ವಾಷಿಂಗ್ಟನ್ನಿನಲ್ಲಿ. ಅಜ್ಜ ಅಜ್ಜಿಯರು ಗುಲಾಮಗಿರಿಯಲ್ಲಿ ಹುಟ್ಟಿದವರು. ಕಲಿಯಲು ಅರ್ಜಿ ಹಾಕಿದ ಕಾರ್ನೆಗಿ ಸಂಸ್ಥೆ ಬಣ್ಣ ನೋಡಿ ಸೀಟು ನಿರಾಕರಿಸಿತು. ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದರು, ಮುಂದೆ ಅಯೋವಾಕ್ಕೆ ಹೋದರು. 1946ರಲ್ಲಿ ಮೆಕ್ಸಿಕೋಕ್ಕೆ ಹೋಗಿ ‘ತಾಯೇರ್ ದೆ ಗ್ರಾಫಿಕಾ ಪೊಪುಲಾರ್’ ಎಂಬ ಜನರ ಅಚ್ಚುಮನೆ ಸೇರಿದರು. ಅದು 1937ರಲ್ಲಿ ಶುರುವಾದದ್ದು. ಸಂಪು, ಕೂಲಿ, ಶಾಲೆ, ಜಮೀನು, ಯಾವುದರ ಬಗ್ಗೆ ಬೇಕಾದರೂ ಅಗ್ಗದ ಕಾಗದದ ಮೇಲೆ ಚಿತ್ರ ಒತ್ತಿಕೊಡುವ ಜಾಗ. ಅಲ್ಲಿಯೇ 1946–47ರಲ್ಲಿ ಕಪ್ಪು ಹೆಂಗಸರ ಬದುಕಿನ ಮೇಲೆ 15 ಲಿನೋ ಚಿತ್ರಗಳ ಮಾಲೆ ಕೆತ್ತಿದರು. ಮಾಲೆಯ ಶೀರ್ಷಿಕೆಗಳಲ್ಲಿ ‘ನಾನು’ ಎಂದು ಮಾತಾಡುವವಳು ಆ ಹೆಂಗಸೇ. ನಾನು ಯಾವಾಗಲೂ ದುಡಿದಿದ್ದೇನೆ, ನಾನು ಜಗತ್ತಿಗೆ ನನ್ನ ಹಾಡು ಕೊಟ್ಟಿದ್ದೇನೆ, ಹೀಗೆ. ಗುಲಾಮರನ್ನು ಪಾರು ಮಾಡಿದ ಹ್ಯಾರಿಯೆಟ್ ಟಬ್‌ಮನ್ ಬರುವ ಚಿತ್ರದಲ್ಲೂ ‘ನಾನು ನೂರಾರು ಜನರನ್ನು ಬಿಡುಗಡೆಗೆ ಮುಟ್ಟಿಸಿದೆ’ ಎಂದೇ ಇದೆ. 1962ರಲ್ಲಿ ಮೆಕ್ಸಿಕೋದ ಪ್ರಜೆಯಾದ ಮೇಲೆ ಅಮೆರಿಕ ಅವರನ್ನು ತನ್ನ ನೆಲಕ್ಕೆ ಬಿಟ್ಟುಕೊಳ್ಳಲಿಲ್ಲ. ಮತ್ತೆ ಕಾಲಿಟ್ಟದ್ದು 1971ರಲ್ಲಿ, ತಮ್ಮದೇ ಪ್ರದರ್ಶನಕ್ಕೆ.

ಗುಲಾಮಗಿರಿಯ ವಿರುದ್ಧ ಮೊದಲು ಚಿತ್ರ ಅಚ್ಚು ಹಾಕಿಸಿದವರು ಇಂಗ್ಲಿಷರೇ ಎಂದು ಓದಿದ್ದೇನೆ. ಅವರಿಗೂ ಒಂದು ಶಹಬಾಸ್ ಹೇಳಬೇಡವೇ?
— ನಿವೃತ್ತ ಗ್ರಂಥಪಾಲಕರು, ಶಿರಸಿ

ಹೇಳೋಣ, ಅರ್ಧ. 1787ರಲ್ಲಿ ಜೋಸಾಯ ವೆಜ್‌ವುಡ್ ಎಂಬ ಪಿಂಗಾಣಿ ಕಾರ್ಖಾನೆಯ ಯಜಮಾನ ಒಂದು ಪದಕ ಮಾಡಿಸಿದ. ಮಂಡಿಯೂರಿ, ಸರಪಳಿಯ ಕೈ ಜೋಡಿಸಿ ‘ನಾನು ಮನುಷ್ಯನಲ್ಲವೇ, ಸೋದರನಲ್ಲವೇ?’ ಎಂದು ಬೇಡುವ ಗುಲಾಮ. ಅದು ಕಾಗದದ ಮೇಲೂ ಅಚ್ಚಾಯಿತು, ಹೆಂಗಸರ ಒಡವೆಗೂ ಏರಿತು. ಮರುವರ್ಷ ‘ಬ್ರೂಕ್ಸ್’ ಎಂಬ ಹಡಗಿನ ನಕ್ಷೆ ಪ್ಲಿಮತ್‌ನಲ್ಲಿ ಅಚ್ಚಾಗಿ, 1789ರಲ್ಲಿ ಲಂಡನ್ನಿಗೂ ಬಂತು. ಅಟ್ಟದ ಮೇಲೆ ಅಡಕೆ ಹರವಿದ ಹಾಗೆ ಮನುಷ್ಯರನ್ನು ಹಡಗಿನ ಒಡಲಲ್ಲಿ ಸಂದಿಲ್ಲದೆ ಮಲಗಿಸಿದ ಚಿತ್ರ. ಸಾವಿರಾರು ಪ್ರತಿ ಹಂಚಿದರು. ಇಂಗ್ಲೆಂಡಿನಲ್ಲಿ 1807ರಲ್ಲಿ ಗುಲಾಮರ ವ್ಯಾಪಾರ ನಿಲ್ಲುವುದಕ್ಕೆ ಆ ಒಂದು ಹಾಳೆ ಮಾಡಿದ ಕೆಲಸ ಸಣ್ಣದಲ್ಲ, ಒಪ್ಪುತ್ತೇನೆ.

ಆದರೆ ಎರಡರಲ್ಲೂ ಆಫ್ರಿಕದವನು ಏನು ಮಾಡುತ್ತಿದ್ದಾನೆ ನೋಡಿ. ಒಂದರಲ್ಲಿ ಬೇಡುತ್ತಾನೆ, ಇನ್ನೊಂದರಲ್ಲಿ ಮಲಗಿದ್ದಾನೆ. ಮುಖ ನೆನಪಿರುತ್ತದೆಯೇ? ಕೆತ್ತಿದವರು ಬಿಳಿಯರು, ಕೊಂಡವರು ಬಿಳಿಯರು, ಮರುಗಿದವರೂ ಬಿಳಿಯರು. ಆ ಪದಕದ ಪಕ್ಕ ಕ್ಯಾಟ್ಲೆಟ್‌ರ ಹೆಂಗಸನ್ನು ಇಟ್ಟರೆ, ನನ್ನ ಮಟ್ಟಿಗೆ, ಹಿರಿಯರೆ, ಇಡೀ ಚರಿತ್ರೆ ಅಲ್ಲಿಗೆ ತಿಳಿಯುತ್ತದೆ.

ಕೈಯಲ್ಲಿ ಕೆತ್ತಿದ್ದೇ ಕಲೆ, ಮಶಿನ್ನಿನಲ್ಲಿ ಬಂದದ್ದು ಲೆಕ್ಕಕ್ಕಿಲ್ಲ ಎಂಬ ಹಾಗೆ ಬರೆಯುತ್ತೀರಿ. ನಾವು ಆಫ್‌ಸೆಟ್‌ನವರು ಎಲ್ಲಿ ಹೋಗಬೇಕು?
— ಪ್ರೆಸ್ ಮಾಲೀಕರು, ಕುಮಟಾ

ಎಲ್ಲಿಗೂ ಹೋಗಬೇಡಿ ಮಾರಾಯ್ರೆ, ನಿಮಗೊಬ್ಬ ಗುರುವನ್ನೇ ತೋರಿಸುತ್ತೇನೆ. ಎಮೊರಿ ಡಗ್ಲಸ್. ಹುಡುಗುತನದಲ್ಲಿ ಕ್ಯಾಲಿಫೋರ್ನಿಯಾದ ಬಾಲಾಪರಾಧಿಗಳ ಶಾಲೆಯೊಂದಕ್ಕೆ ಬಿದ್ದು ಅಲ್ಲಿನ ಪ್ರೆಸ್ಸಿನಲ್ಲಿ ಕೆಲಸ ಕಲಿತವ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಕಾಲೇಜಿನಲ್ಲಿ ಜಾಹೀರಾತು ಕಲೆ ಓದಿದ. 1967ರಿಂದ, ಅಮೆರಿಕದ ಕಪ್ಪು ಜನರ ಹಕ್ಕಿಗೆ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಪತ್ರಿಕೆಯ ರೂಪ, ಚಿತ್ರ, ಹಿಂಬದಿಯ ಪೋಸ್ಟರು ಎಲ್ಲ ಅವನ ಕೈಯದೇ. ಪಕ್ಷದಲ್ಲಿ ಅವನಿಗೆ ಸಂಸ್ಕೃತಿ ಮಂತ್ರಿ ಎಂಬ ಪದವಿ. ಒಳ್ಳೆಯ ದಿನಗಳಲ್ಲಿ ವಾರಕ್ಕೆ ಲಕ್ಷ ಮೀರಿ ಪ್ರತಿ ಹೋಗುತ್ತಿತ್ತು, ಬೆಲೆ 25 ಸೆಂಟು.

ಅವನ ಪುಟಗಳನ್ನು ಪ್ರೆಸ್ಸಿನವರ ಕಣ್ಣಿನಿಂದ ನೋಡಿ. ಕಪ್ಪು, ಜೊತೆಗೆ ಇನ್ನೊಂದೇ ಬಣ್ಣ. ನಾಲ್ಕು ಬಣ್ಣಕ್ಕೆ ದುಡ್ಡೆಲ್ಲಿತ್ತು? ಅಂಗಡಿಯಲ್ಲಿ ಸಿಗುವ ಚುಕ್ಕೆ, ಗೆರೆಗಳ ಅಂಟುಹಾಳೆ ಕತ್ತರಿಸಿ ಅಂಟಿಸಿ ನೆರಳು ತಂದ. ಹೊರಗೆರೆಯನ್ನು ಬೆರಳುದಪ್ಪ ಮಾಡಿ ಮರದಚ್ಚಿನ ಚಿತ್ರದಂತೆ ಕಾಣಿಸಿದ. ರಿಜಿಸ್ಟ್ರೇಶನ್, ಅಂದರೆ ಬಣ್ಣದ ಮೇಲೆ ಬಣ್ಣ ಕೂರುವ ಜಾಗ, ಸ್ವಲ್ಪ ಅತ್ತಿತ್ತಾದರೂ ದಪ್ಪ ಗೆರೆ ಅದನ್ನು ನುಂಗಿಕೊಳ್ಳುತ್ತದೆ, ನಿಮಗೆ ಗೊತ್ತೇ ಇದೆ. ಅವನ ಚಿತ್ರದ ಬಂದೂಕುಗಳು ನನಗೆ ಎಲ್ಲ ಸಲವೂ ಹಿಡಿಸುವುದಿಲ್ಲ. ಬಾಡಿಗೆ ಕಟ್ಟಲಾಗದ ಮುದುಕಿ, ಮಗುವನ್ನು ಎತ್ತಿಕೊಂಡ ತಾಯಿ, ಇಂಥ ಮುಖಗಳು ಹಿಡಿಸುತ್ತವೆ. ಬೇರೆ ಪತ್ರಿಕೆಗಳಲ್ಲಿ ತಮ್ಮ ಮುಖ ಕಾಣದವರಿಗೆ ಆ ಹಿಂಬದಿ ಪುಟ ಗೋಡೆಗೆ ಅಂಟಿಸುವ ಪಟವಾಯಿತು.

ಒಂದು ಪೋಸ್ಟರಿಗೆ ಸರಕಾರ ನಿಜವಾಗಿ ಹೆದರುತ್ತದೆಯೇ?
— ಪದವಿ ವಿದ್ಯಾರ್ಥಿ, ಭಟ್ಕಳ

ದಕ್ಷಿಣ ಆಫ್ರಿಕದ ಸುದ್ದಿ ಹೇಳುತ್ತೇನೆ, ನೀವೇ ತೀರ್ಮಾನ ಮಾಡಿ. ವರ್ಣಭೇದದ ಆಡಳಿತ ತಾಳಲಾರದೆ ಗಡಿ ದಾಟಿದ ಕಲಾವಿದರು, ಬರಹಗಾರರು, ಹಾಡುಗಾರರು ಬೋಟ್ಸ್ವಾನಾದ ಗ್ಯಾಬರೋನ್‌ನಲ್ಲಿ 1979ರ ಹೊತ್ತಿಗೆ ‘ಮೆಡು’ ಎಂಬ ತಂಡ ಕಟ್ಟಿದರು. ಸ್ಕ್ರೀನ್ ಪ್ರಿಂಟಿಂಗೇ ಅವರ ಮುಖ್ಯ ದಾರಿ. ಫ್ಲೆಕ್ಸ್ ಬರುವ ಮೊದಲು ನಮ್ಮಲ್ಲಿ ಮದುವೆ ಕಾಗದ, ಯಕ್ಷಗಾನದ ಬ್ಯಾನರು, ಚುನಾವಣೆಯ ಬಟ್ಟೆ ಆಗುತ್ತಿದ್ದುದೂ ಅದರಲ್ಲಿಯೇ. ಚೌಕಟ್ಟಿಗೆ ಬಿಗಿದ ಬಟ್ಟೆ, ಮೇಲೆ ಇಂಕು, ರಬ್ಬರ್ ಅಂಚಿನ ಸ್ಕ್ವೀಜಿ ಒಮ್ಮೆ ಎಳೆದರೆ ಒಂದು ಪ್ರತಿ. ಮಶಿನ್ ಬೇಡ, ಕರೆಂಟು ಹೋದರೂ ನಡೆಯುತ್ತದೆ, ಶಬ್ದವಂತೂ ಇಲ್ಲವೇ ಇಲ್ಲ. ಕದ್ದು ಮಾಡುವ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಅವರ ಒಂದು ಪೋಸ್ಟರು 1981ರದು, ಜೂಡಿ ಸೀಡ್‌ಮನ್ ಮಾಡಿದ್ದು. 1956ರ ಆಗಸ್ಟ್ 9ರಂದು ಕಪ್ಪು ಜನ ಸದಾ ಪರವಾನಗಿ ಪುಸ್ತಕ ಹೊತ್ತು ತಿರುಗಬೇಕೆಂಬ ಪಾಸ್ ಕಾನೂನಿನ ವಿರುದ್ಧ ಸುಮಾರು 20,000 ಹೆಂಗಸರು ಪ್ರಿಟೋರಿಯಾದ ಸರಕಾರಿ ಭವನಕ್ಕೆ ನಡೆದುಹೋಗಿದ್ದರು. ‘ಹೆಂಗಸರನ್ನು ಮುಟ್ಟಿದಿರಿ, ಬಂಡೆಗೆ ಹೊಡೆದಿರಿ’ ಎಂಬುದು ಅವರು ಹಾಡಿದ ಹಾಡು. ಅದಕ್ಕೆ 25 ವರ್ಷ ತುಂಬಿತೆಂದು ಆ ಮಾತಿನ ಮೇಲೆ ಮಾಡಿದ ಪೋಸ್ಟರು. ಇಂಥವನ್ನು ಗುಟ್ಟಾಗಿ ಗಡಿ ದಾಟಿಸುತ್ತಿದ್ದರು. ಗೋಡೆಯ ಮೇಲೆ ಬಹಳ ಹೊತ್ತು ಉಳಿಯುತ್ತಿರಲಿಲ್ಲ, ಪೊಲೀಸರು ಕಿತ್ತು ಹಾಕುತ್ತಿದ್ದರು. ಇಟ್ಟುಕೊಂಡವರಿಗೂ ಅಪಾಯವೇ.

1985ರ ಜೂನ್ 14ರ ರಾತ್ರಿ ದಕ್ಷಿಣ ಆಫ್ರಿಕದ ಸೈನ್ಯ ಗಡಿ ದಾಟಿ ಗ್ಯಾಬರೋನ್‌ಗೆ ನುಗ್ಗಿತು. 12 ಜನ ಸತ್ತರು. ಅವರಲ್ಲಿ ಒಬ್ಬ ಮೆಡು ತಂಡದ ಥಾಮಿ ಮ್ನ್ಯೇಲೆ, ವಯಸ್ಸು 36. ಮೆಡು ಅಲ್ಲಿಗೆ ಮುಗಿಯಿತು.

ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ಇಂಥ ಚಿತ್ರಗಳು ನಮ್ಮ ದೇಶದಲ್ಲಿ ಬಂದಿರಲಿಲ್ಲವೇ? ಎಲ್ಲ ಹೊರದೇಶದ್ದೇ ಹೇಳುತ್ತೀರಿ.
— ಓದುಗರು, ಅಂಕೋಲಾ

ಬಂದಿತ್ತು, ಅದೂ ಅದೇ ವರ್ಷ. ನಿಮ್ಮೂರಲ್ಲಿ ಎಂ. ಪಿ. ನಾಡಕರ್ಣಿಯವರು ಉಪ್ಪಿನ ಕಾಯ್ದೆ ಮುರಿದದ್ದು 1930ರ ಏಪ್ರಿಲ್ 13ರಂದು. ಗಾಂಧಿ ಕೋಲು ಹಿಡಿದು ನಡೆಯುವ ಲಿನೋ ಚಿತ್ರವನ್ನು ಶಾಂತಿನಿಕೇತನದ ನಂದಲಾಲ್ ಬೋಸ್ ಮಾಡಿದ್ದೂ 1930ರಲ್ಲಿ. ಪೂರ್ತಿ ಕಪ್ಪು ಹಾಳೆ, ಅದರೊಳಗಿಂದ ಬಿಳಿ ಗೆರೆಯಲ್ಲಿ ಎದ್ದು ಬರುವ ಮುದುಕ. ಶಾಲೆಯ ಗೋಡೆಯಲ್ಲಿ ನೀವು ನೋಡಿರುತ್ತೀರಿ, ಅದು ಲಿನೋ ಎಂದು ಗೊತ್ತಿರಲಿಕ್ಕಿಲ್ಲ. ಅಂದ ಹಾಗೆ, ಬೋಸರು ಕಲಿಸುತ್ತಿದ್ದ ಕಲಾಭವನ ಕಟ್ಟಿದ ರವೀಂದ್ರನಾಥ ಟ್ಯಾಗೋರರ ಹೆಸರೇ ನಮ್ಮ ಕಾರವಾರದ ಕಡಲತೀರಕ್ಕೆ ಇರುವುದು. 22ರ ಹರೆಯದಲ್ಲಿ ಅವರು ಇಲ್ಲಿಗೆ ಬಂದಿದ್ದರು.

1943ರ ಬಂಗಾಳದ ಬರಗಾಲದಲ್ಲಿ ಚಿತ್ತಪ್ರಸಾದ್ ಎಂಬ ಕಲಾವಿದ ಊರೂರು ನಡೆದು ಬರೆದ ಚಿತ್ರಗಳ ಪುಸ್ತಿಕೆಯನ್ನು ಬ್ರಿಟಿಷ್ ಸರಕಾರ ಹಿಡಿದು ನಾಶ ಮಾಡಿತು. ಭಟ್ಕಳದ ವಿದ್ಯಾರ್ಥಿ ಇದನ್ನೂ ಓದಿಕೊಳ್ಳಲಿ.

ಅಡಕೆಗೆ ರೋಗ, ಮೀನಿಗೆ ಬರ. ಇಂಥದರಲ್ಲಿ ಅಮೆರಿಕದ ಕರಿಯರ ಚಿತ್ರ ನಮಗೇಕೆ?
— ಹೆಸರು ಬೇಡ, ಸಿದ್ದಾಪುರ

ಅಡಕೆ ರೋಗದ ಅಂಕಣ 14ನೇ ಪುಟದಲ್ಲಿದೆ. ಕೆಳಗಿನ ಪ್ರಶ್ನೆಯನ್ನೂ ದಯವಿಟ್ಟು ಓದಿ.

ನಾನು ಸಿದ್ದಿ ಹುಡುಗಿ. ಕಾಲೇಜಿಗೆ ಬಸ್ಸಿನಲ್ಲಿ ಹೋಗುವಾಗ ಯಾವ ದೇಶದವಳು ಎಂದು ಈಗಲೂ ಕೇಳುತ್ತಾರೆ, ಕೂದಲು ಮುಟ್ಟಿ ನೋಡಿದವರೂ ಇದ್ದಾರೆ. ಇದನ್ನು ಅಚ್ಚಿನ ಚಿತ್ರ ಮಾಡಬೇಕು ಎಂದಿದೆ. ಸರಪಳಿ ಹರಿಯುವ ಕೈ ಬರೆದಿದ್ದೇನೆ. ಗೆಳತಿಯರು ಚೆಂದ ಉಂಟು ಎಂದರು. ನಿಮಗೇನನ್ನಿಸುತ್ತದೆ?
— ವಿದ್ಯಾರ್ಥಿನಿ, ಯಲ್ಲಾಪುರ

ತಂಗಿ, ನೀನು ಕಳಿಸಿದ ಚಿತ್ರದಲ್ಲಿ ಕೈ ಚೆನ್ನಾಗಿದೆ, ಮಣಿಕಟ್ಟಿನ ಎಲುಬು ಸರಿಯಾಗಿ ಬಂದಿದೆ. ಸರಪಳಿ ಬಿಡು. ಅದನ್ನು ನೂರಾರು ಜನ ಬರೆದಿದ್ದಾರೆ, ನೋಡುವವರ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. ಸರಪಳಿ ಕಂಡರೆ ಇದು ಯಾವಾಗಲೋ ಪೋರ್ಚುಗೀಸರ ಕಾಲದಲ್ಲಿ ಆದದ್ದು, ಈಗ ಮುಗಿಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಗೋವೆಗೆ ಗುಲಾಮರಾಗಿ ಬಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ನೀವು ಎಂಬುದು ಪುಸ್ತಕದಲ್ಲಿದೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದೂ ಗೆಜೆಟ್ಟಿನಲ್ಲಿದೆ. ಬಸ್ಸಿನದು ಎಲ್ಲಿಯೂ ಇಲ್ಲ.

ಹಾಗಾಗಿ ಬಸ್ಸನ್ನೇ ಕೆತ್ತು. ಅದೇ ಕೈ ಇರಲಿ, ಸರಪಳಿಯ ಬದಲು ಮೇಲಿನ ಕಂಬಿ ಹಿಡಿದಿರಲಿ. ಹಿಂದೆ ತಿರುಗಿ ನೋಡುವ ಮುಖಗಳು, ಅವರ ಕಣ್ಣು ಮಾತ್ರ ಬಿಳಿ. ನಿನ್ನ ಮುಖ ಯಾವ ಕಡೆ ತಿರುಗಿರಬೇಕು ಎಂಬುದನ್ನು ನಾನು ಹೇಳುವುದಿಲ್ಲ. ನಿಮ್ಮವರ ಡಮಾಮಿ ವಾದ್ಯ ಹಾಕು, ಕೌದಿ ಹಾಕು ಎಂದು ಸಲಹೆ ಕೊಡುವವರು ಬಹಳ ಮಂದಿ ಸಿಗುತ್ತಾರೆ. ನಿನಗೆ ಬೇಕೆನ್ನಿಸಿದರೆ ಹಾಕು. ಪ್ರದರ್ಶನಕ್ಕೆ ಬರುವವರಿಗೆ ಹಿಡಿಸುತ್ತದೆ ಎಂದು ಹಾಕಬೇಡ.

ನಮೀಬಿಯಾದ ಜಾನ್ ಮುವಾಫಾಂಗೆಯೋ ಎಂಬವನ ಲಿನೋ ಚಿತ್ರಗಳನ್ನು ಕಾಲೇಜಿನ ಕಂಪ್ಯೂಟರಿನಲ್ಲಿ ಹುಡುಕಿ ನೋಡು. 1943ರಲ್ಲಿ ಹುಟ್ಟಿದವ, ದಕ್ಷಿಣ ಆಫ್ರಿಕದ ರೋರ್ಕ್ಸ್ ಡ್ರಿಫ್ಟ್ ಎಂಬಲ್ಲಿನ ಕಲಾಶಾಲೆಯಲ್ಲಿ ಕಲಿತ. ಹೇಳಬೇಕಾದ ಮಾತನ್ನು ಚಿತ್ರದ ಒಳಗೇ, ಜನರ ಮಧ್ಯದ ಸಂದಿಯಲ್ಲೇ ಕೆತ್ತಿಬಿಡುತ್ತಾನೆ. 1984ರ ಒಂದು ಚಿತ್ರದ ಹೆಸರು ‘ಈಗಿನ ಕಷ್ಟಗಳಿದ್ದರೂ ಭರವಸೆ ಮತ್ತು ಆಶಾವಾದ’. 1987ರಲ್ಲಿ ತೀರಿಕೊಂಡ, ದೇಶ ಬಿಡುಗಡೆಯಾದದ್ದು 1990ರಲ್ಲಿ. ನಿನಗೂ ಬಸ್ಸಿನಲ್ಲಿ ಕೇಳಿದ ಪ್ರಶ್ನೆಯನ್ನೋ ನೀನು ಕೊಟ್ಟ ಉತ್ತರವನ್ನೋ ಚಿತ್ರದೊಳಗೆ ಸೇರಿಸಬೇಕು ಅನ್ನಿಸಬಹುದು.

ಅಕ್ಷರ ಮಾತ್ರ ಕನ್ನಡಿಯೊಳಗಿನ ಹಾಗೆ ತಿರುಗಿಸಿ ಕೆತ್ತಬೇಕು. ತೆಳು ಕಾಗದದ ಮೇಲೆ ನೇರವಾಗಿ ಬರೆ, ಕಾಗದ ಮಗುಚಿ ಹಾಳೆಗೆ ಉಜ್ಜಿ ಇಳಿಸು. ಕನ್ನಡದಲ್ಲಿ ತೊಂದರೆ ಕೊಡುವುದು ಒತ್ತಕ್ಷರ ಮತ್ತು ಸೊನ್ನೆಯ ಒಳಗಿನ ಬಿಳಿ. ಒಳಗಿನ ಚುಕ್ಕೆಯನ್ನು ಮೊದಲು ತೆಗೆದು ಆಮೇಲೆ ಸುತ್ತ ಬಾ, ಇಲ್ಲದಿದ್ದರೆ ಉಂಗುರವೇ ಎದ್ದು ಬರುತ್ತದೆ.

ಮಗ ಬೆಂಗಳೂರಿನಿಂದ ತಂದ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ 7/25 ಎಂದಿದೆ. ಏನದು?
— ಗೃಹಿಣಿ, ಕಾರವಾರ

ತೆಗೆದ 25 ಪ್ರತಿಗಳಲ್ಲಿ ಏಳನೆಯದು ಎಂದು ಅರ್ಥ. ಕಡಿಮೆ ಪ್ರತಿ, ಹೆಚ್ಚು ಬೆಲೆ. ಹೋರಾಟದ ಪೋಸ್ಟರಿನ ಲೆಕ್ಕ ಇದಕ್ಕೆ ತದ್ವಿರುದ್ಧ, ಎಷ್ಟು ಹಂಚಿದರೂ ಸಾಲದು. ತಮಾಷೆ ನೋಡಿ, ಪೊಲೀಸರು ಕಿತ್ತು ಹಾಕುತ್ತಿದ್ದ ಮೆಡು ಪೋಸ್ಟರುಗಳನ್ನು 2019ರಲ್ಲಿ ಶಿಕಾಗೋದ ದೊಡ್ಡ ಕಲಾ ಸಂಗ್ರಹಾಲಯ ಪ್ರದರ್ಶನಕ್ಕಿಟ್ಟಿತು. ನಿಮ್ಮ ಮನೆಯದನ್ನು ಬಿಸಿಲು ಬೀಳದ ಗೋಡೆಗೆ ಹಾಕಿ, ಗಾಜು ಕಾಗದಕ್ಕೆ ತಾಗದಿರಲಿ. ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ.

ಮಳೆಗಾಲದಲ್ಲಿ ಲಿನೋ ಕೆಲಸ ಮಾಡಬಹುದೇ? ನಮ್ಮಲ್ಲಿ ಲಿನೋ ಸಿಗುವುದೇ ಇಲ್ಲ.
— ಯುವಕ ಮಂಡಲದವರು, ಗೋಕರ್ಣ

ಲಿನೋಲಿಯಂ ಎಂದರೆ ಅಗಸೆ ಎಣ್ಣೆ, ಬೂಚಿನ ಪುಡಿ ಕಲಸಿ ಗೋಣಿಬಟ್ಟೆಗೆ ಮೆತ್ತಿದ ನೆಲಹಾಸು. ಚಳಿ ಹಿಡಿದರೆ ಬಿರುಸಾಗಿ ಉಳಿ ಜಾರುತ್ತದೆ. ಬಚ್ಚಲ ಒಲೆಯ ಹತ್ತಿರ ಸ್ವಲ್ಪ ಹೊತ್ತು ಹಿಡಿಯಿರಿ, ಬೆಣ್ಣೆಯಾಗುತ್ತದೆ. ಸಿಗದಿದ್ದರೆ ತೆಳು ಎಂಡಿಎಫ್ ಹಲಗೆ ಸಾಕು, ಪ್ಲೈವುಡ್ ಸಿಬಿರು ಏಳುತ್ತದೆ. ಉಳಿ ಹಿಡಿದ ಕೈಯ ಮುಂದೆ ಇನ್ನೊಂದು ಕೈ ಬರಬಾರದು. ಮೊದಲ ದಿನವೇ ಇದನ್ನು ಹುಡುಗರಿಗೆ ಗಟ್ಟಿಯಾಗಿ ಹೇಳಿ.

ಪ್ರೆಸ್ ಬೇಕಿಲ್ಲ. ರೋಲರಿನಿಂದ ಇಂಕನ್ನು ತೆಳ್ಳಗೆ ಹಚ್ಚಿ, ಕಾಗದ ಇಟ್ಟು, ಊಟದ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜಿ. ಒಂದು ಮೂಲೆ ಎತ್ತಿ ನೋಡಿ, ಬೆಳ್ಳಗಿದ್ದರೆ ಅಲ್ಲಿ ಇನ್ನಷ್ಟು ಉಜ್ಜಿ. ಆಷಾಢದಲ್ಲಿ ಎಣ್ಣೆಯ ಇಂಕು ಒಣಗಲು ವಾರ ಹಿಡಿದರೂ ಆಶ್ಚರ್ಯವಿಲ್ಲ. ಹಗ್ಗ ಕಟ್ಟಿ ಒಂದೊಂದೇ ತೂಗುಹಾಕಿ, ಒಂದರ ಮೇಲೊಂದು ಪೇರಿಸಬೇಡಿ. ಎರಡು ಬಣ್ಣದ ಆಸೆಯನ್ನು ದೀಪಾವಳಿ ಕಳೆಯುವವರೆಗೆ ಕಟ್ಟಿಡಿ. ತಂಡಿಗೆ ಕಾಗದ ಹಿಗ್ಗಿ ಎರಡನೇ ಬಣ್ಣ ಗೆರೆಯಿಂದ ಆಚೆ ಕೂರುತ್ತದೆ. ನೀವು ಮೀನುಗಾರರ ಜಾಗದ ಬಗ್ಗೆ ಮಾಡಬೇಕೆಂದಿರುವ ಪೋಸ್ಟರಿಗೆ ಕಪ್ಪು ಒಂದೇ ಸಾಕು. ಕೆತ್ತುವಾಗ ಮೀನುಗಾರ ಹೆಂಗಸರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರಲ್ಲಿ ಯಾರಾದರೂ ಉಳಿ ಕೇಳಿದರೆ ಕೊಟ್ಟು ನೀವು ಏಳಿ.